ರೋಗನಿರೋಧಕ ಶಕ್ತಿಗೆ ಅಂಕಪಟ್ಟಿ ಇಲ್ಲ

ಕೋವಿಡ್ ಕಾಲದಲ್ಲಿ ಲ್ಯಾಬುಗಳ ದರಪಟ್ಟಿಗೆ ಸೇರಿಕೊಂಡ ‘ಇಮ್ಯುನಿಟಿ ಪ್ರೊಫೈಲ್’ ಎಂಬ ಸಾಲು ಕೋವಿಡ್ ಹೋದ ಮೇಲೂ ಅಲ್ಲೇ ಉಳಿದಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಸಂಜೆಯೊಳಗೆ ಮೊಬೈಲಿಗೆ ರಿಪೋರ್ಟು ಬರುತ್ತದೆ. ಅದರಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತದ ಸೂಚಕ), ವಿಟಮಿನ್ ಡಿ, ಫೆರಿಟಿನ್ (ಕಬ್ಬಿಣದ ಸಂಗ್ರಹದ ಸೂಚಕ) ಇರುತ್ತವೆ. ದುಬಾರಿ ಪ್ಯಾಕೇಜಾದರೆ ಇಮ್ಯುನೊಗ್ಲಾಬ್ಯುಲಿನ್‌ಗಳು, ಒಂದೆರಡು ಪ್ರತಿಕಾಯಗಳೂ ಸೇರಿರುತ್ತವೆ. ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಗುರುತು. ಹಸಿರು ಹೆಚ್ಚಿದ್ದರೆ ‘ನಿಮ್ಮ ಇಮ್ಯುನಿಟಿ ಚೆನ್ನಾಗಿದೆ’ ಎಂದರ್ಥ. ಕೆಂಪು ಹೆಚ್ಚಿದ್ದರೆ ಕಷಾಯ, ಸತುವಿನ ಮಾತ್ರೆ, ಚ್ಯವನಪ್ರಾಶ.

ಇದನ್ನು ಬರೀ ಲ್ಯಾಬಿನವರ ವ್ಯಾಪಾರ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಮನೆಯ ಹಿರಿಯರು, ಬೆಳಗಿನ ಟಿವಿಯ ಆರೋಗ್ಯ ಕಾರ್ಯಕ್ರಮ, ಕಾರ್ಪೊರೇಟ್ ಕಚೇರಿಗಳ ವಾರ್ಷಿಕ ತಪಾಸಣೆ ಮಾಡಿಸುವವರು, ಹಲವು ವೈದ್ಯರೂ ಒಪ್ಪಿಕೊಂಡಿರುವ ಒಂದು ನಂಬಿಕೆ ಇದರ ಬೆನ್ನಿಗಿದೆ. ಅದನ್ನು ನ್ಯಾಯವಾಗಿಯೇ ಮಂಡಿಸೋಣ. ರೋಗನಿರೋಧಕ ಶಕ್ತಿ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುವ ವಸ್ತು. ಹಿಮೋಗ್ಲೋಬಿನ್‌ನಂತೆ ಅದನ್ನೂ ರಕ್ತದಲ್ಲಿ ಅಳೆಯಬಹುದು. ಕಡಿಮೆ ಇದ್ದರೆ ಏರಿಸಿಕೊಳ್ಳಬೇಕು, ಏರಿದಷ್ಟೂ ಒಳ್ಳೆಯದು. ಅಳೆದು ನೋಡಿದರೆ ನಷ್ಟವಂತೂ ಇಲ್ಲ.

ಈ ನಾಲ್ಕು ಮಾತುಗಳಲ್ಲಿ ಒಂದೂ ನಿಜವಲ್ಲ.

ಎಣಿಕೆಯಿಂದ ಶುರು ಮಾಡಬಹುದು. 1950ರ ದಶಕದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ರಾಬರ್ಟ್ ಗುಡ್ ಮತ್ತು ಅವರ ಸಹೋದ್ಯೋಗಿಗಳು ಕೆಲವು ಗಂಡುಮಕ್ಕಳ ಕಾಯಿಲೆಯನ್ನು ವಿವರಿಸಿದರು. ಮಕ್ಕಳ ಕುತ್ತಿಗೆಯ ಗ್ರಂಥಿಗಳು ಬಾತು ಕೀವು ತುಂಬುತ್ತಿದ್ದವು. ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಬಾವುಗಳಾಗುತ್ತಿದ್ದವು. ಒಂದು ಸೋಂಕು ವಾಸಿಯಾಗುವಷ್ಟರಲ್ಲಿ ಇನ್ನೊಂದು ಹತ್ತಿಕೊಂಡು, ಬಹುತೇಕ ಮಕ್ಕಳು ಬಾಲ್ಯದಲ್ಲೇ ತೀರಿಕೊಳ್ಳುತ್ತಿದ್ದರು. ರಕ್ತ ನೋಡಿದರೆ ಬಿಳಿ ರಕ್ತಕಣಗಳಿಗೆ ಕೊರತೆಯೇ ಇಲ್ಲ, ಮಾಮೂಲಿಗಿಂತ ಜಾಸ್ತಿಯೇ ಇವೆ. ಪ್ರತಿಕಾಯಗಳೂ ಹೇರಳ. ಇಂದಿನ ಇಮ್ಯುನಿಟಿ ಪ್ರೊಫೈಲ್‌ಗೆ ಆ ಮಕ್ಕಳ ರಕ್ತ ಕೊಟ್ಟಿದ್ದರೆ ಕಣ, ಪ್ರತಿಕಾಯಗಳ ಎಣಿಕೆಯಲ್ಲಿ ಅದು ಯಾವ ಕೊರತೆಯನ್ನೂ ತೋರಿಸುತ್ತಿರಲಿಲ್ಲ.

ಗುಟ್ಟು ಬಯಲಾದದ್ದು 1960ರ ದಶಕದಲ್ಲಿ, ಕಣಗಳನ್ನು ಎಣಿಸುವುದನ್ನು ಬಿಟ್ಟು ಅವು ಏನು ಮಾಡುತ್ತವೆ ಎಂದು ನೋಡಿದಾಗ. ಈ ಮಕ್ಕಳ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಹುಡುಕಿಕೊಂಡು ಹೋಗುತ್ತವೆ, ನುಂಗುತ್ತವೆ, ಆದರೆ ಕೊಲ್ಲಲಾರವು. ನುಂಗಿದ್ದನ್ನು ಸಾಯಿಸಲು ಬೇಕಾದ ಉಗ್ರ ಆಮ್ಲಜನಕದ ಅಣುಗಳನ್ನು ತಯಾರಿಸುವ ಕಿಣ್ವದಲ್ಲೇ ಹುಟ್ಟು ದೋಷ. ಕಾಯಿಲೆಗೆ ಈಗ ಸಿಜಿಡಿ ಎಂದು ಹೆಸರು. 1968ರಲ್ಲಿ ಬೇನರ್ ಮತ್ತು ನೇಥನ್ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಎನ್‌ಬಿಟಿ ಎಂಬ ತಿಳಿಹಳದಿ ಬಣ್ಣದ ರಾಸಾಯನಿಕವನ್ನು ರಕ್ತಕಣಗಳ ಜೊತೆ ಬಿಟ್ಟರೆ ಆರೋಗ್ಯವಂತ ಕಣಗಳೊಳಗೆ ಅದು ಕಡುನೀಲಿಗೆ ತಿರುಗುತ್ತದೆ. ಸಿಜಿಡಿ ಮಗುವಿನ ಕಣಗಳಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಇಂದು ಅದರ ಜಾಗಕ್ಕೆ ಡಿಎಚ್‌ಆರ್ ಪರೀಕ್ಷೆ ಬಂದಿದೆ. ಸ್ವಲ್ಪ ರಕ್ತಕ್ಕೆ ಡಿಎಚ್‌ಆರ್ ಎಂಬ ಬಣ್ಣ ಬೆರೆಸಿ, ಪಿಎಂಎ ಎಂಬ ರಾಸಾಯನಿಕದಿಂದ ನ್ಯೂಟ್ರೋಫಿಲ್‌ಗಳನ್ನು ಕೆರಳಿಸಿ, 37 ಡಿಗ್ರಿ ಶಾಖದಲ್ಲಿ ಕೆಲ ನಿಮಿಷ ಇಟ್ಟು ಫ್ಲೋ ಸೈಟೋಮೀಟರ್‌ಗೆ ಕೊಡುತ್ತಾರೆ. ಯಂತ್ರ ಸಾವಿರಾರು ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುತ್ತದೆ. ಕೆಲಸ ಮಾಡುವ ಕಣ ಹಸಿರಾಗಿ ಹೊಳೆಯುತ್ತದೆ. ಪರದೆಯ ಮೇಲಿನ ದಿಬ್ಬ ಎಡದಿಂದ ಬಲಕ್ಕೆ ಸರಿದರೆ ಸರಿ. ಸಿಜಿಡಿ ಮಗುವಿನ ದಿಬ್ಬ ಇದ್ದಲ್ಲೇ ಇರುತ್ತದೆ. ಕಾಯಿಲೆ ಎಕ್ಸ್ ಕ್ರೋಮೋಸೋಮಿನ ಮೂಲಕ ಬಂದದ್ದಾದರೆ ತಾಯಿಯ ರಕ್ತದಲ್ಲಿ ಎರಡು ದಿಬ್ಬಗಳು ಮೂಡುತ್ತವೆ, ಹೊಳೆಯುವ ಕಣಗಳದ್ದೊಂದು, ಹೊಳೆಯದವುಗಳದ್ದೊಂದು. ಮುಂದಿನ ಗಂಡುಮಗುವಿಗೂ ಅಪಾಯವಿದೆ ಎಂಬುದನ್ನು ಆ ಎರಡು ದಿಬ್ಬಗಳನ್ನು ನೋಡಿಯೇ ಹೇಳಬಹುದು. ಜೀವಕೋಶದ ಕಾರ್ಯಪರೀಕ್ಷೆ ಎಂದರೆ ಇದು. ಪ್ಯಾಕೇಜುಗಳಲ್ಲಿ ಇದರ ಸುಳಿವೂ ಇರುವುದಿಲ್ಲ.

ಹಾಗಾದರೆ ಕಾರ್ಯಪರೀಕ್ಷೆಗಳನ್ನೇ ಒಟ್ಟುಗೂಡಿಸಿ ಎಲ್ಲರಿಗೂ ಮಾಡಿ, ಅದಕ್ಕೊಂದು ಅಂಕ ಕೊಟ್ಟರೆ ಆಗದೇ ಎಂದು ಯಾರಾದರೂ ಕೇಳಬಹುದು. ಆ ಪ್ರಯತ್ನ ನಡೆದಿದೆ, ಒಮ್ಮೆಯಲ್ಲ, ಎರಡು ಬಾರಿ. ಎರಡೂ ಬಾರಿ ನೆಲಕಚ್ಚಿದೆ.

ಮೊದಲನೆಯದು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ. 1903ರಲ್ಲಿ ಆಲ್ಮ್ರಾತ್ ರೈಟ್ ಮತ್ತು ಸ್ಟುವರ್ಟ್ ಡಗ್ಲಸ್, ರಕ್ತದ ಸೀರಮ್ಮಿನಲ್ಲಿರುವ ಕೆಲವು ಅಂಶಗಳು ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳ ಬಾಯಿಗೆ ಸುಲಭದ ತುತ್ತು ಮಾಡುತ್ತವೆ ಎಂದು ತೋರಿಸಿದರು. ಅಷ್ಟಕ್ಕೇ ನಿಂತಿದ್ದರೆ ಅದು ದೊಡ್ಡ ಶೋಧವಾಗಿಯೇ ಉಳಿಯುತ್ತಿತ್ತು. ರೈಟ್ ಅಲ್ಲಿಂದ ಒಂದು ಸೂಚ್ಯಂಕ ಹುಟ್ಟುಹಾಕಿದರು. ರೋಗಿಯ ಸೀರಮ್, ಬ್ಯಾಕ್ಟೀರಿಯಾ, ತೊಳೆದ ಬಿಳಿ ರಕ್ತಕಣ ಮೂರನ್ನೂ ಸಣ್ಣ ಗಾಜಿನ ನಳಿಗೆಯಲ್ಲಿ ಬೆರೆಸಿ ಬೆಚ್ಚಗಿಡುವುದು. ಆಮೇಲೆ ಗಾಜಿನ ಪಟ್ಟಿಗೆ ಸವರಿ, ಒಂದೊಂದು ಕಣ ಎಷ್ಟು ಬ್ಯಾಕ್ಟೀರಿಯಾ ನುಂಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಅದರ ಸರಾಸರಿಯನ್ನು ಆರೋಗ್ಯವಂತನ ಸರಾಸರಿಯಿಂದ ಭಾಗಿಸುವುದು. ಬಂದ ಅಂಕಿಯೇ ‘ಆಪ್ಸಾನಿಕ್ ಇಂಡೆಕ್ಸ್’. ಅದು ಒಂದಕ್ಕಿಂತ ಕೆಳಗಿಳಿದರೆ ಲಸಿಕೆ ಚುಚ್ಚಿ ಮೇಲೆತ್ತಬೇಕು. ಮೊಡವೆ, ಕುರುವಿನಿಂದ ಹಿಡಿದು ಕ್ಷಯದವರೆಗೆ ಎಲ್ಲಕ್ಕೂ ಇದೇ ದಾರಿ. ರೈಟ್ ಅವರ ಕೈಕೆಳಗಿನ ಯುವ ವೈದ್ಯರು ರಾತ್ರಿಯೆಲ್ಲ ಕೂತು ಎಣಿಸಿದರು; 1906ರಲ್ಲಿ ಅವರನ್ನು ಸೇರಿಕೊಂಡ ಅಲೆಕ್ಸಾಂಡರ್ ಫ್ಲೆಮಿಂಗ್ ಕೂಡ ಅವರಲ್ಲೊಬ್ಬರು. ಅಲ್ಲಿ ತಯಾರಾದ ಲಸಿಕೆಗಳನ್ನು ಪಾರ್ಕ್-ಡೇವಿಸ್ ಕಂಪನಿ ಮಾರಿತು.

ಲಂಡನ್ನಿನ ಸಿರಿವಂತರಿಗೆ ತಮ್ಮ ಇಂಡೆಕ್ಸ್ ಎಷ್ಟು ಎಂದು ತಿಳಿಯುವ ಹುಚ್ಚು ಹಿಡಿಯಿತು. ಅದೇ 1906ರಲ್ಲಿ ಬರ್ನಾರ್ಡ್ ಶಾ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕದಲ್ಲಿ ರೈಟ್ ಅವರನ್ನೇ ಮಾದರಿಯಾಗಿಟ್ಟುಕೊಂಡು ಒಬ್ಬ ವೈದ್ಯನನ್ನು ಸೃಷ್ಟಿಸಿದರು. ಜೊತೆಗೆ, ಯಾವ ಕಾಯಿಲೆ ಬಂದರೂ ಬಿಳಿ ರಕ್ತಕಣಗಳನ್ನು ಚುರುಕುಗೊಳಿಸಿದರೆ ಮುಗಿಯಿತು ಎಂದು ನಂಬಿದ ಮತ್ತೊಬ್ಬ ದೊಡ್ಡ ವೈದ್ಯನನ್ನು ನಗೆಪಾಟಲಿಗೆ ಗುರಿಮಾಡಿದರು. ನಾಟಕಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಲೆಕ್ಕಾಚಾರ. ಮೇಜರ್ ಗ್ರೀನ್‌ವುಡ್ ಎಂಬ ಸಂಖ್ಯಾಶಾಸ್ತ್ರಜ್ಞ ಆ ಎಣಿಕೆಗಳನ್ನು ಜಾಲಾಡಿದರು. ಒಂದು ಕಣ ಏನನ್ನೂ ನುಂಗಿರುವುದಿಲ್ಲ, ಪಕ್ಕದ್ದು ಹೊಟ್ಟೆ ಬಿರಿಯೆ ನುಂಗಿರುತ್ತದೆ. ಇಂಥ ಏರುಪೇರಿನಲ್ಲಿ ಐವತ್ತೋ ನೂರೋ ಕಣಗಳ ಸರಾಸರಿ ತೆಗೆದರೆ ಬರುವ ವ್ಯತ್ಯಾಸ ರೋಗಿಯದ್ದೋ, ಎಣಿಕೆಯದ್ದೋ ಹೇಳಲಾಗದು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಡೆಕ್ಸ್‌ನ ಸದ್ದಡಗಿತ್ತು. ರೈಟ್ ಕಂಡುಹಿಡಿದ ವಿದ್ಯಮಾನ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಅದರಿಂದ ಅವರು ಹೊರಡಿಸಿದ ಅಂಕಿ ಮಾತ್ರ ಎಲ್ಲೂ ಇಲ್ಲ.

ಎರಡನೆಯ ಪ್ರಯತ್ನಕ್ಕೆ ಈ ಕಾಲದ ಯಂತ್ರಬಲವಿತ್ತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಇಮ್ಯುನೋ’ ಎಂಬ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅಂಗಾಂಗ ಕಸಿ ಮಾಡಿಸಿಕೊಂಡವರ ರಕ್ತವನ್ನು ಕೆರಳಿಸಿ, ಅದರಿಂದ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವು ಉತ್ಪಾದಿಸಿದ ಎಟಿಪಿ ಎಂಬ ಶಕ್ತಿಯ ಅಣುವನ್ನು ಅಳೆಯುವುದು. 225 ನ್ಯಾನೋಗ್ರಾಂ ಅಥವಾ ಅದಕ್ಕೂ ಕಡಿಮೆ ಬಂದರೆ ಪ್ರತಿಕ್ರಿಯೆ ದುರ್ಬಲ, 525 ಅಥವಾ ಅದಕ್ಕೂ ಹೆಚ್ಚು ಬಂದರೆ ಪ್ರಬಲ. ದುರ್ಬಲರಿಗೆ ಸೋಂಕಿನ ಭಯ, ಪ್ರಬಲರಿಗೆ ಕಸಿಯನ್ನು ದೇಹ ತಿರಸ್ಕರಿಸುವ ಭಯ ಎಂಬುದು ತರ್ಕ. ಕೇಳಲು ಸೊಗಸಾಗಿದೆ. ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2012ರಲ್ಲಿ ನಡೆದ ಒಂದು ವಿಶ್ಲೇಷಣೆ, ಯಾವ ರೋಗಿಗೆ ಸೋಂಕು ತಗಲುತ್ತದೆ, ಯಾರಲ್ಲಿ ತಿರಸ್ಕಾರ ಉಂಟಾಗುತ್ತದೆ ಎಂಬುದನ್ನು ಈ ಅಂಕಿಯಿಂದ ಗುರುತಿಸಲಾಗದು ಎಂಬ ತೀರ್ಮಾನಕ್ಕೆ ಬಂತು. ಇಲ್ಲಿ ರೋಗಿಗಳು ಗೊತ್ತಿದ್ದವರು, ಅಪಾಯ ಗೊತ್ತಿತ್ತು, ಕಣಗಳಿಂದ ನಿಜವಾಗಿ ಕೆಲಸ ಮಾಡಿಸಿ ನೋಡಲಾಗಿತ್ತು. ಅಷ್ಟಾದರೂ ಒಂದು ಅಂಕಿ ಸಾಲಲಿಲ್ಲ. ಹೀಗಿರುವಾಗ ವಿಟಮಿನ್ ಡಿ ಮತ್ತು ಸಿಆರ್‌ಪಿಗಳನ್ನು ಕೂಡಿಸಿ ಹಸಿರು ಗುರುತು ಹಾಕುವವರ ಧೈರ್ಯವನ್ನು ಮೆಚ್ಚಬೇಕು.

ಏಕೆ ಸಾಲುವುದಿಲ್ಲ? ದೇಹದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ (ಟಿ ಕೋಶ, ಎನ್‌ಕೆ ಕೋಶಗಳು ಇವುಗಳಲ್ಲೇ ಸೇರಿವೆ) ರಕ್ತದಲ್ಲಿ ಓಡಾಡುವುದು ಸುಮಾರು ಶೇಕಡಾ ಎರಡರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿ, ಗುಲ್ಮ, ಮಜ್ಜೆ, ಕರುಳಿನ ಗೋಡೆಗಳಲ್ಲಿ ಇರುತ್ತವೆ. ಆ ಎರಡು ಶೇಕಡಾ ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಕಡಿಮೆ, ರಾತ್ರಿ ಹೆಚ್ಚು. ಓಡಿ ಬಂದರೆ ಏರುತ್ತವೆ, ದಣಿವಾರಿಸಿಕೊಳ್ಳುವಾಗ ಇಳಿಯುತ್ತವೆ, ಒಂದು ಡೋಸ್ ಸ್ಟೆರಾಯ್ಡ್ ನುಂಗಿದರೆ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತವೆ. ಇನ್ನು ಮನುಷ್ಯ ಮನುಷ್ಯರ ನಡುವಿನ ಅಂತರ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು 210 ಆರೋಗ್ಯವಂತ ಅವಳಿಗಳ ರಕ್ತದಲ್ಲಿ 204 ಬಗೆಯ ಅಳತೆಗಳನ್ನು ಮಾಡಿದರು. ಹೆಚ್ಚಿನ ವ್ಯತ್ಯಾಸ ವಂಶದಿಂದ ಬಂದದ್ದಾಗಿರಲಿಲ್ಲ, ಬದುಕಿನಲ್ಲಿ ಎದುರಾದ ಸೋಂಕು, ಪರಿಸರಗಳಿಂದ ಬಂದದ್ದಾಗಿತ್ತು. ಸಿಎಂವಿ ಎಂಬ, ಬಹುಪಾಲು ಜನರಲ್ಲಿ ಸದ್ದಿಲ್ಲದೆ ಇರುವ ಒಂದೇ ಒಂದು ವೈರಸ್ಸು ಅರ್ಧಕ್ಕಿಂತ ಹೆಚ್ಚು ಅಳತೆಗಳನ್ನು ಬದಲಾಯಿಸಿತ್ತು. ಆ ಜನರೆಲ್ಲ ಆರೋಗ್ಯವಾಗಿಯೇ ಇದ್ದರು. ಅವರಲ್ಲಿ ಯಾರ ಅಂಕಿ ‘ಸರಿ’, ಯಾರದ್ದು ‘ಕಡಿಮೆ’?

ಏರಿದಷ್ಟೂ ಒಳ್ಳೆಯದು ಎಂಬ ಮಾತಿಗೂ ಪ್ರಯೋಗವೇ ಉತ್ತರ ಕೊಟ್ಟಿದೆ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಔಷಧಿ ಕೊಟ್ಟರು. ಅದು ಟಿ ಕೋಶಗಳನ್ನು ನೇರವಾಗಿ ಎಚ್ಚರಿಸುವ ಪ್ರತಿಕಾಯ. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡಿದ್ದ ಪ್ರಮಾಣದ ಐನೂರರಲ್ಲಿ ಒಂದು ಪಾಲು ಮಾತ್ರ. ಒಂದೂವರೆ ಗಂಟೆಯೊಳಗೆ ಆರೂ ಜನರಿಗೆ ತಲೆನೋವು, ಚಳಿ, ವಾಂತಿ ಶುರುವಾಗಿ, ಬಳಿಕ ಒಂದೊಂದೇ ಅಂಗ ಸೋಲತೊಡಗಿತು. ತೀವ್ರನಿಗಾ ಘಟಕದ ಚಿಕಿತ್ಸೆಯಿಂದ ಎಲ್ಲರೂ ಬದುಕಿದರು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಇದಕ್ಕೆ ಮೊದಲು ಮಾನವ ರಕ್ತಕಣಗಳ ಮೇಲೆ ನಡೆದಿದ್ದ ಪ್ರಯೋಗಾಲಯ ಪರೀಕ್ಷೆಗಳು ಅಪಾಯದ ಸುಳಿವು ಕೊಟ್ಟಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮತ್ತೆ 2020ರಲ್ಲಿ, ಲೋಕವೆಲ್ಲ ಇಮ್ಯುನಿಟಿ ಬೂಸ್ಟರ್ ಹುಡುಕುತ್ತಿದ್ದ ಜೂನ್ ತಿಂಗಳಲ್ಲಿ, ಬ್ರಿಟನ್ನಿನ ರಿಕವರಿ ಅಧ್ಯಯನದ ಫಲಿತಾಂಶ ಬಂತು. ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿದ್ದು ಡೆಕ್ಸಾಮೆಥಸೋನ್, ಅಂದರೆ ರೋಗನಿರೋಧಕ ಪ್ರತಿಕ್ರಿಯೆಯನ್ನು ಅದುಮುವ ಅಗ್ಗದ ಸ್ಟೆರಾಯ್ಡ್. ಕೀಲುವಾತ, ಲೂಪಸ್ ಇರುವವರು ವರ್ಷಗಟ್ಟಲೆ ಮಾತ್ರೆ ನುಂಗುವುದೂ ಅದನ್ನು ಅದುಮಿಡುವುದಕ್ಕೇ.

ಉಳಿದದ್ದು ಕೊನೆಯ ಸಮರ್ಥನೆ: ಪರೀಕ್ಷೆ ಮಾಡಿಸಿಕೊಂಡರೆ ಕಳೆದುಕೊಳ್ಳುವುದೇನು? ಎಲ್ಲಕ್ಕಿಂತ ಅಪಾಯಕಾರಿಯಾದ ಮಾತು ಇದೇ.

ಮೇಲಿಂದ ಮೇಲೆ ಗರ್ಭಪಾತವಾದ ಹೆಣ್ಣುಮಕ್ಕಳಿಗೆ ರಕ್ತದ ಎನ್‌ಕೆ ಕೋಶಗಳ ಪರೀಕ್ಷೆ ಬರೆದುಕೊಡುವ ಕ್ಲಿನಿಕ್‌ಗಳಿವೆ. ‘ಎನ್‌ಕೆ ಜಾಸ್ತಿ ಇದೆ, ಅವು ಮಗುವಿನ ಮೇಲೆ ದಾಳಿ ಮಾಡುತ್ತಿವೆ’ ಎಂದರೆ, ಮಗುವನ್ನು ಕಳೆದುಕೊಂಡ ದಂಪತಿ ಒಪ್ಪದೆ ಇರುತ್ತಾರೆಯೇ? ಆದರೆ ಗರ್ಭಕೋಶದ ಎನ್‌ಕೆ ಕೋಶಗಳು ಬೇರೆ, ತೋಳಿನ ರಕ್ತದ ಎನ್‌ಕೆ ಕೋಶಗಳು ಬೇರೆ. ಗರ್ಭಕೋಶದಲ್ಲಿರುವವು ಮಾಸು ಬೇರೂರಲು ನೆರವಾಗುವಂಥವು. ಯುರೋಪಿನ ಸಂತಾನ ವೈದ್ಯರ ಸಂಘಟನೆ ಇಎಸ್‌ಎಚ್‌ಆರ್‌ಇ, ಈ ಪರೀಕ್ಷೆಯನ್ನು ಶಿಫಾರಸು ಮಾಡಲು ಸಾಕಷ್ಟು ಪುರಾವೆಯಿಲ್ಲ ಎಂದಿದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಚ್‌ಎಫ್‌ಇಎ ಇಂಥ ಪರೀಕ್ಷೆ, ಚಿಕಿತ್ಸೆಗಳಿಗೆ ಕೆಂಪು ದರ್ಜೆ ಕೊಟ್ಟಿದೆ. ಇದೇ ವಾದಸರಣಿಯ ಇನ್ನೊಂದು ಚಿಕಿತ್ಸೆ, ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವುದು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಪರೀಕ್ಷಾ ವರದಿ ಪ್ರಕಟವಾಯಿತು. ಚುಚ್ಚಿಸಿಕೊಂಡವರಲ್ಲಿ ಗರ್ಭ ನಿಂತದ್ದು ಶೇಕಡಾ 36ರಲ್ಲಿ, ಬರೀ ಲವಣಜಲ ಚುಚ್ಚಿಸಿಕೊಂಡವರಲ್ಲಿ ಶೇಕಡಾ 48ರಲ್ಲಿ. 2002ರಲ್ಲಿ ಅಮೆರಿಕ ಇದನ್ನು ಸಂಶೋಧನೆಯ ಚೌಕಟ್ಟಿನ ಹೊರಗೆ ನಡೆಸಕೂಡದೆಂದು ತಡೆಯಿತು. ಭಾರತದಲ್ಲಿ ಇಂದಿಗೂ ಅದು ನಡೆಯುತ್ತಿದೆ.

ಪರೀಕ್ಷೆಯೊಂದೇ ದೇಶದ ಮಟ್ಟದಲ್ಲಿ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೂ ಭಾರತವೇ ಸಾಕ್ಷಿ. ಕ್ಷಯಕ್ಕೆಂದು ಪ್ರತಿಕಾಯಗಳನ್ನು ಅಳೆಯುವ ರಕ್ತಪರೀಕ್ಷೆಗಳು ಇಲ್ಲಿನ ಖಾಸಗಿ ಲ್ಯಾಬುಗಳಲ್ಲಿ ವರ್ಷಕ್ಕೆ ಸುಮಾರು 15 ಲಕ್ಷದಷ್ಟು ನಡೆಯುತ್ತಿದ್ದವು ಎಂಬ ಅಂದಾಜಿತ್ತು. ಕಿಟ್‌ಗಳಲ್ಲಿ ಹೆಚ್ಚಿನವು ತಯಾರಾಗುತ್ತಿದ್ದದ್ದು ಯುರೋಪು, ಉತ್ತರ ಅಮೆರಿಕಗಳಲ್ಲಿ. ಅಲ್ಲಿ ಅವುಗಳ ಬಳಕೆಗೆ ಮಾನ್ಯತೆಯೇ ಇರಲಿಲ್ಲ. 94 ಅಧ್ಯಯನಗಳನ್ನು ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆ 2011ರ ಜುಲೈನಲ್ಲಿ ಈ ಪರೀಕ್ಷೆಗಳನ್ನು ಬಳಸಲೇಬೇಡಿ ಎಂದು ಹೇಳಿತು. ಭಾರತ ಸರ್ಕಾರ 2012ರ ಜೂನ್‌ನಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಕ್ಷಯ ಇಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು, ಕ್ಷಯ ಇದ್ದವರು ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗಿ ಕೆಮ್ಮಿದ್ದರು. ಕೋವಿಡ್ ಲಸಿಕೆಯ ನಂತರವೂ ಅದೇ ಚಾಳಿ. 2021ರ ಮೇ ತಿಂಗಳಲ್ಲಿ ಎಫ್‌ಡಿಎ, ಲಸಿಕೆ ಪಡೆದವರ ರಕ್ಷಣೆ ಎಷ್ಟೆಂದು ತಿಳಿಯಲು ಪ್ರತಿಕಾಯ ಪರೀಕ್ಷೆಯನ್ನು ಬಳಸಬೇಡಿ ಎಂದು ಎಚ್ಚರಿಸಿದ್ದರೂ ಇಲ್ಲಿ ಜನ ತಮ್ಮ ತಮ್ಮ ಅಂಕಿಗಳನ್ನು ಹೋಲಿಸಿ ನೋಡುತ್ತಲೇ ಇದ್ದರು.

ಇಷ್ಟೆಲ್ಲ ಹೇಳಿದ ಮೇಲೆ ರಕ್ತಕಣಗಳ ಪರೀಕ್ಷೆಯೇ ವ್ಯರ್ಥ ಎಂಬ ತೀರ್ಮಾನಕ್ಕೆ ಹಾರಬಾರದು. ಹಾಗೆ ಹಾರುವವರೂ ಪ್ಯಾಕೇಜು ಮಾರುವವರಷ್ಟೇ ದಾರಿ ತಪ್ಪಿದವರು. ಖಚಿತ ಪ್ರಶ್ನೆ ಇಟ್ಟುಕೊಂಡು ಮಾಡಿದ ಪರೀಕ್ಷೆ ಅದ್ಭುತವಾದ ಉತ್ತರ ಕೊಡುತ್ತದೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್, ಕೆಂಪು ರಕ್ತಕಣಗಳನ್ನು ಗಂಟುಕಟ್ಟಿಸಿ ಬೇರ್ಪಡಿಸಲು ಬಳಸುತ್ತಿದ್ದ ಪಿಎಚ್‌ಎ ಎಂಬ ವಸ್ತು ಲಿಂಫೋಸೈಟ್‌ಗಳನ್ನು ಒಡೆದು ಇಮ್ಮಡಿಯಾಗುವಂತೆ ಮಾಡುತ್ತದೆ ಎಂದು ಕಂಡುಕೊಂಡರು. ಆ ವಸ್ತು ಬರುವುದು ರಾಜ್ಮಾ ಕಾಳಿನಿಂದ. ಅದೇ ಇಂದು ಟಿ ಕೋಶಗಳ ಕಾರ್ಯಪರೀಕ್ಷೆಯ ಆಧಾರ: ರಕ್ತಕಣಗಳನ್ನು ಪಿಎಚ್‌ಎ ಜೊತೆ ಸುಮಾರು ಮೂರು ದಿನ ಬೆಳೆಸಿ, ಅವು ಹೆಚ್ಚಿದವೋ ಇಲ್ಲವೋ ನೋಡುತ್ತಾರೆ. ಟಿ ಕೋಶಗಳೇ ಕೆಲಸ ಮಾಡದ ಎಸ್‌ಸಿಐಡಿ ಮಗುವಿನಲ್ಲಿ ಅವು ಮಿಸುಕುವುದಿಲ್ಲ.

ಮಾಂಟೂ ಪರೀಕ್ಷೆಯೂ ಈ ಜಾತಿಯದ್ದೇ. ಮುಂಗೈ ಚರ್ಮದಲ್ಲಿ ಟ್ಯೂಬರ್ಕ್ಯುಲಿನ್ ಚುಚ್ಚಿ, ಎರಡು ಮೂರು ದಿನ ಬಿಟ್ಟು ಗಟ್ಟಿಯಾದ ಗಂಟಿನ ಅಗಲ ಅಳೆಯುವಾಗ ಅಳೆಯುತ್ತಿರುವುದು ಟಿ ಕೋಶಗಳ ನೆನಪನ್ನು. 1908ರಲ್ಲೇ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ, ದಡಾರ ಬಂದ ಮಕ್ಕಳಲ್ಲಿ ಟ್ಯೂಬರ್ಕ್ಯುಲಿನ್ ಪ್ರತಿಕ್ರಿಯೆ ಕೆಲ ದಿನ ಕಾಣೆಯಾಗುವುದನ್ನು ಗಮನಿಸಿದ್ದರು. ಅಂದರೆ ಗಂಟು ಏಳದಿದ್ದರೆ ಕ್ಷಯದ ಸೋಂಕು ಇಲ್ಲ ಎಂದೂ ಆಗಬಹುದು, ಕೋಶಗಳು ಉತ್ತರಿಸುವ ಸ್ಥಿತಿಯಲ್ಲಿಲ್ಲ ಎಂದೂ ಆಗಬಹುದು. ಈ ಗೊಂದಲ ಬಿಡಿಸಲು ಇಗ್ರಾ ಎಂಬ ಕ್ಷಯ ಸೋಂಕಿನ ರಕ್ತಪರೀಕ್ಷೆಯಲ್ಲಿ ಒಂದು ಹೆಚ್ಚಿನ ಟ್ಯೂಬ್ ಇಟ್ಟಿದ್ದಾರೆ. ಅದರಲ್ಲಿರುವ ಮೈಟೋಜೆನ್ ಎಂಬ ಕೆರಳಿಸುವ ವಸ್ತುವಿಗೆ ಯಾವ ಆರೋಗ್ಯವಂತನ ಟಿ ಕೋಶವಾದರೂ ಇಂಟರ್ಫೆರಾನ್ ಸುರಿಸಲೇಬೇಕು. ಸುರಿಸದಿದ್ದರೆ ಲ್ಯಾಬು ನೆಗೆಟಿವ್ ಎಂದು ಬರೆಯುವುದಿಲ್ಲ, ‘ನಿರ್ಣಯಿಸಲಾಗದು’ ಎಂದು ಬರೆಯುತ್ತದೆ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳುವ ಅಂಕಣ ಯಾವ ಇಮ್ಯುನಿಟಿ ಪ್ರೊಫೈಲ್‌ನಲ್ಲಿದೆ?

ಈಗ ಸಿಟ್ಟು ಬರಬೇಕಾದ ಭಾಗ. ಆರೋಗ್ಯವಂತರಿಗೆ ಪರೀಕ್ಷೆ ಮನೆ ಬಾಗಿಲಿಗೆ ಬರುತ್ತಿರುವ ದೇಶದಲ್ಲಿ, ಒಂದೇ ಒಂದು ಪರೀಕ್ಷೆಯಿಂದ ಬದುಕುಳಿಯಬಹುದಾದ ಮಗುವಿಗೆ ಆ ಪರೀಕ್ಷೆ ಸಿಗುತ್ತಿಲ್ಲ.

ಅಮೆರಿಕದಲ್ಲಿ ನವಜಾತ ಶಿಶುಗಳೆಲ್ಲರಿಗೂ ಹಿಮ್ಮಡಿಯ ರಕ್ತದಿಂದ ಎಸ್‌ಸಿಐಡಿ ತಪಾಸಣೆ ಮಾಡುತ್ತಾರೆ. 2008ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುವಾದದ್ದು 2018ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಅದರಿಂದ ತಿಳಿದದ್ದು, ಸುಮಾರು 58,000 ಶಿಶುಗಳಿಗೆ ಒಂದರಂತೆ ಈ ಕಾಯಿಲೆ ಇದೆ. ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ಭಾರತಕ್ಕೂ ಅದೇ ಲೆಕ್ಕ ಹಿಡಿದರೆ ಮುನ್ನೂರು, ನಾನೂರು ಮಕ್ಕಳಾಗುತ್ತಾರೆ. ಸೋದರಮಾವ, ಅತ್ತೆಮಗ ಎಂದು ಹತ್ತಿರದ ಸಂಬಂಧದಲ್ಲೇ ಹೆಣ್ಣು ಕೊಟ್ಟು ತರುವ ದಕ್ಷಿಣ ಕರ್ನಾಟಕದಂಥ ಕಡೆ, ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬರಬೇಕಾದ ಬಗೆಗಳು ಹೆಚ್ಚೇ ಇರುತ್ತವೆ. ಮೂರೂವರೆ ತಿಂಗಳೊಳಗೆ ಮಜ್ಜೆ ಕಸಿ ಮಾಡಿದರೆ ನೂರರಲ್ಲಿ 94 ಮಕ್ಕಳು ಐದು ವರ್ಷ ದಾಟುತ್ತಾರೆಂದು 2014ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಇಲ್ಲಿ ಆ ಮಗುವಿಗೆ ಹುಟ್ಟಿದೊಡನೆ ಬಿಸಿಜಿ, ಆರು ವಾರಕ್ಕೆ ರೋಟಾ ಲಸಿಕೆ ಹಾಕುತ್ತಾರೆ. ಎರಡೂ ಜೀವಂತ ಲಸಿಕೆಗಳು. ಬೇರೆ ಮಕ್ಕಳನ್ನು ಕಾಯುವ ಬಿಸಿಜಿ ಈ ಮಗುವಿನ ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು.

ಈ ಕಾಯಿಲೆಯ ಸುಳಿವು ಹಿಡಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ನ್ಯುಮೋನಿಯಾ ಎಂದು ದಾಖಲಾದ ಮೂರು ತಿಂಗಳ ಮಗುವಿನ ಸಿಬಿಸಿಯಲ್ಲಿ ಒಟ್ಟು ಬಿಳಿ ರಕ್ತಕಣ 6,000, ಅದರಲ್ಲಿ ಲಿಂಫೋಸೈಟ್ ಶೇಕಡಾ 22 ಎಂದಿಟ್ಟುಕೊಳ್ಳೋಣ. ಗುಣಿಸಿದರೆ 1,320. ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ವ್ಯಾಪ್ತಿ 4,000ದಿಂದ 11,000, ಶೇಕಡಾ 20ರಿಂದ 40, ಒಟ್ಟು 1,000ದಿಂದ 3,000. ಯಾವುದಕ್ಕೂ ಗುರುತು ಬೀಳುವುದಿಲ್ಲ. ಆದರೆ ಆ ವ್ಯಾಪ್ತಿ ದೊಡ್ಡವರದ್ದು. ಮೂರು ತಿಂಗಳ ಕೂಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಣಗಳು ಲಿಂಫೋಸೈಟ್‌ಗಳೇ ಆಗಿರಬೇಕು, ಅವು 3,000ಕ್ಕಿಂತ ಕೆಳಗಿಳಿದರೆ ಎಸ್‌ಸಿಐಡಿ ಇರಬಹುದೆಂದು ಅನುಮಾನಿಸಬೇಕು. ಉತ್ತರ ಕಾಗದದ ಮೇಲೆ ಇದೆ. ತಪ್ಪು ವ್ಯಾಪ್ತಿ ಅಚ್ಚಾದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ವಯಸ್ಸಿಗೆ ತಕ್ಕ ವ್ಯಾಪ್ತಿ ಅಚ್ಚು ಹಾಕಲು ಲ್ಯಾಬಿನ ಸಾಫ್ಟ್‌ವೇರ್‌ನಲ್ಲಿ ಒಂದು ಪಟ್ಟಿ ಬದಲಿಸಿದರೆ ಸಾಕು. ಬಿಸಿಜಿ ಹಾಕುವ ಮುನ್ನ ‘ಈ ಮನೆಯಲ್ಲಿ ಇದಕ್ಕೆ ಮೊದಲು ಹಸುಗೂಸುಗಳು ತೀರಿಕೊಂಡಿದ್ದವೇ?’ ಎಂದು ತಾಯಿಯನ್ನು ಕೇಳುವುದಕ್ಕೆ ಅದೂ ಬೇಡ.

ಕಾರ್ಯಪರೀಕ್ಷೆಗೆ ಮಾತ್ರ ತೊಡಕುಗಳು ನಿಜವಾಗಿಯೇ ಇವೆ. ಸಿಬಿಸಿಗೆ ಬಳಸುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ ರಕ್ತ ಟಿ ಕೋಶಗಳನ್ನು ಬೆಳೆಸುವ ಪರೀಕ್ಷೆಗೆ ಒಗ್ಗದು, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಬೇಕು. ಫ್ರಿಜ್ಜಿಗೆ ಹಾಕುವಂತಿಲ್ಲ. ಕೋಶಗಳು ಬದುಕಿರುವಾಗಲೇ, ಒಂದೆರಡು ದಿನದೊಳಗೆ ಲ್ಯಾಬು ಸೇರಬೇಕು. ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು ಅದೇ ಡಬ್ಬಿಯಲ್ಲಿ ಕಳಿಸಬೇಕು. ಇಲ್ಲದಿದ್ದರೆ ಕಣಗಳು ಕಾಯಿಲೆಯಿಂದ ಸುಮ್ಮನಿವೆಯೋ, ದಾರಿಯ ಬಿಸಿಲಿಗೆ ಸತ್ತಿವೆಯೋ ತಿಳಿಯುವುದಿಲ್ಲ. ಮುಂಬಯಿಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ, ಚಂಡೀಗಢದ ಪಿಜಿಐ, ಬೆಂಗಳೂರಿನಂಥ ನಗರಗಳ ಕೆಲವು ಕೇಂದ್ರಗಳಲ್ಲಿ ಬಿಟ್ಟರೆ ಇಂಥ ಪರೀಕ್ಷೆಯ ಅನುಭವವಿರುವ ಜಾಗಗಳು ಕಡಿಮೆ. ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಏರ್ಪಾಟು ಬಡ ದೇಶಕ್ಕೆ ಎಟುಕುವುದೇ ಎಂದು ಆಡಳಿತಗಾರರು ಕೇಳುತ್ತಾರೆ.

ಎಟುಕುತ್ತದೆ, ಏಕೆಂದರೆ ಇದೇ ದೇಶ ಅದನ್ನು ಒಮ್ಮೆ ಮಾಡಿ ತೋರಿಸಿದೆ. 2004ರಲ್ಲಿ ಎಚ್‌ಐವಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾದ ಮೇಲೆ ಜಿಲ್ಲಾ ಕೇಂದ್ರಗಳಿಂದ ತಾಜಾ ರಕ್ತ ಹೊತ್ತೊಯ್ದು ಸಿಡಿ4 ಎಣಿಸುವ ಜಾಲವನ್ನು ಸರ್ಕಾರವೇ ಕಟ್ಟಿತು. ಯಾರಿಗೆ ಚಿಕಿತ್ಸೆ ಮೊದಲು ಶುರು ಮಾಡಬೇಕು ಎಂಬ ಸ್ಪಷ್ಟ ಪ್ರಶ್ನೆ ಮುಂದಿದ್ದದ್ದರಿಂದ ಆ ಅಂಕಿ ಲಕ್ಷಾಂತರ ಜನರಿಗೆ ನೆರವಾಯಿತು. ಎಸ್‌ಸಿಐಡಿ, ಸಿಜಿಡಿ ಎರಡೂ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಮೊದಲ ಗುಂಪಿನಲ್ಲಿವೆ. ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುವುದಾಗಿ ಕೇಂದ್ರ 2022ರಲ್ಲಿ ಪ್ರಕಟಿಸಿದೆ. ಆ ನೆರವಿನ ಅರ್ಜಿ ತುಂಬಬೇಕಾದರೆ ಮೊದಲು ರೋಗ ಪತ್ತೆಯಾಗಬೇಕು. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಎರಡು ಹೆಪಾರಿನ್ ಟ್ಯೂಬುಗಳನ್ನು, ಒಂದು ಮಗುವಿನದ್ದು, ಇನ್ನೊಂದು ಆರೋಗ್ಯವಂತರದ್ದು, 24 ಗಂಟೆಯೊಳಗೆ ಬೆಂಗಳೂರಿಗೆ ತಲುಪಿಸುವ ಹೊಣೆ ಯಾರದು, ಅದರ ಖರ್ಚು ಯಾವ ಲೆಕ್ಕಶೀರ್ಷಿಕೆಯಿಂದ ಎಂಬುದನ್ನು ಆರೋಗ್ಯ ಇಲಾಖೆ ಒಂದು ಸುತ್ತೋಲೆಯಲ್ಲಿ ಬರೆದು ಕಳಿಸಬಹುದು.